ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಮೇಲ್ ಬ್ಯಾಕಪ್ ಫೇಲ್: ಎಲ್ಲಿಂದ ಹುಡುಕಬೇಕು?

ಹೋದ ಸಲ ಸ್ಟೋರೇಜ್ ಬಗ್ಗೆ ಮಾತಾಡಿದಾಗ ಕಾಮೆಂಟಿನಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ದರು. "ಮೇಲ್ ಸರ್ವರ್ ಬ್ಯಾಕಪ್ ಪದೇ ಪದೇ ಅಥೆಂಟಿಕೇಶನ್ ಎರರ್ ಅಂತ ಫೇಲ್ ಆಗುತ್ತೆ, ಪಾಸ್‌ವರ್ಡ್ ಸರಿ ಇದೆ, ಏನು ಮಾಡೋದು?" ಇವತ್ತಿನ ಮಾತು ಅದರ ಬಗ್ಗೆನೇ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಕ್ಯಾಬ್‌ನಲ್ಲಿ ಕೂತು ಓದಲಿ ಅಂತ ಎಂದಿನಂತೆ ಪಠ್ಯವನ್ನೂ ಹಾಕಿದ್ದೇವೆ.

ನಾನು ಉದಾಹರಣೆಗಳನ್ನೆಲ್ಲ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಿಂದ ಕೊಡ್ತೀನಿ. ನಮ್ಮಲ್ಲಿ ಹೆಚ್ಚಿನವರ ಕ್ಲೈಂಟ್‌ಗಳ ಹತ್ತಿರ ಇರೋದು ಅದೇ. ಬ್ಯಾಕಪ್ ಸಾಫ್ಟ್‌ವೇರ್ ಯಾವುದೇ ಇರಲಿ, ಹುಡುಕುವ ದಾರಿ ಒಂದೇ.

ಒಂದು ರಾತ್ರಿ ಬ್ಯಾಕಪ್ ಫೇಲ್ ಆದರೆ ಏನಾಗುತ್ತೆ?

ಮೊದಲು, ಇದು ಯಾಕೆ ಅಷ್ಟು ಮುಖ್ಯ ಅಂತ ಹೇಳಿಬಿಡ್ತೀನಿ. ಫೈಲ್ ಸರ್ವರ್ ಬ್ಯಾಕಪ್ ಒಂದು ರಾತ್ರಿ ಫೇಲ್ ಆದರೆ ಮರುದಿನ ನೋಡಿಕೊಳ್ಳಬಹುದು. ಎಕ್ಸ್‌ಚೇಂಜ್‌ನಲ್ಲಿ ಹಾಗಲ್ಲ. ಅಲ್ಲಿ ಬರುವ, ಹೋಗುವ ಪ್ರತಿ ಮೇಲ್ ಮೊದಲು ಟ್ರಾನ್ಸಾಕ್ಷನ್ ಲಾಗ್‌ಗೆ ಬರೆದುಕೊಳ್ಳುತ್ತೆ. ಎಕ್ಸ್‌ಚೇಂಜ್ 2007ರಿಂದ ಈಚೆಗೆ ಪ್ರತಿ ಲಾಗ್ ಫೈಲ್ 1 ಎಂಬಿ. ಬ್ಯಾಕಪ್ ಸರಿಯಾಗಿ ಮುಗಿದಾಗ ಮಾತ್ರ ಹಳೆಯ ಲಾಗ್‌ಗಳು ಅಳಿಸಿಹೋಗುತ್ತವೆ. ಬ್ಯಾಕಪ್ ಮುಗಿಯಲಿಲ್ಲ ಅಂದರೆ ಲಾಗ್‌ಗಳು ಹಾಗೇ ಕೂತಿರುತ್ತವೆ, ದಿನಾ ಬೆಳೆಯುತ್ತಾ ಹೋಗುತ್ತವೆ. ಲಾಗ್ ಡಿಸ್ಕ್ ಪೂರ್ತಿ ತುಂಬಿದ ದಿನ ಡೇಟಾಬೇಸ್ ತಾನಾಗಿ ಡಿಸ್‌ಮೌಂಟ್ ಆಗುತ್ತೆ. ಅಂದರೆ ಕಂಪನಿಯ ಮೇಲ್ ನಿಂತುಹೋಗುತ್ತೆ.

ನೋಡಿ, ಶುರುವಾಗಿದ್ದು ಒಂದು ಅಕೌಂಟ್ ಲಾಗಿನ್ ಆಗದೇ ಇದ್ದದ್ದು. ಮುಗಿದದ್ದು ಎಂಡಿ ಮೇಲ್ ಬರ್ತಿಲ್ಲ ಅಂತ ಫೋನ್ ಮಾಡೋದರಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ಡಿಸ್ಕ್ ತುಂಬ್ತಿದೆ ಅಂತ ಗಾಬರಿಯಾಗಿ ಯಾರಾದರೂ "ಆ ಲಾಗ್ ಫೈಲ್‌ಗಳನ್ನ ಡಿಲೀಟ್ ಮಾಡ್ರೀ" ಅಂದರೆ ಮಾಡಬೇಡಿ. ಅದರಲ್ಲಿ ಇನ್ನೂ ಡೇಟಾಬೇಸ್‌ಗೆ ಸೇರದ ಲಾಗ್ ಇದ್ದರೆ ಡೇಟಾಬೇಸ್ ಮತ್ತೆ ಮೌಂಟ್ ಆಗದೇ ಹೋಗಬಹುದು. ಡಿಸ್ಕ್ ದೊಡ್ಡದು ಮಾಡಿ, ಇಲ್ಲಾಂದ್ರೆ ಬ್ಯಾಕಪ್ ಓಡಿಸಿ.

ಗೇಟು ಬೇರೆ, ಮನೆ ಬಾಗಿಲು ಬೇರೆ

ಈಗ ವಿಷಯಕ್ಕೆ ಬರೋಣ. "ಅಥೆಂಟಿಕೇಶನ್ ಫೇಲ್" ಅಂತ ಟಿಕೆಟ್‌ನಲ್ಲಿ ಬರೆದಿರುತ್ತಾರೆ. ಆದರೆ ಅದರ ಹಿಂದೆ ಮೂರು ಬೇರೆ ಬೇರೆ ತೊಂದರೆ ಇರಬಹುದು.

ನಾವೆಲ್ಲ ದೊಡ್ಡ ದೊಡ್ಡ ಸೊಸೈಟಿಗಳಲ್ಲಿ ಇರೋರು. ನೀವು ಸ್ನೇಹಿತರ ಮನೆಗೆ ಹೋಗ್ತೀರಿ ಅಂದುಕೊಳ್ಳಿ. ಗೇಟಿನಲ್ಲಿ ವಾಚ್‌ಮನ್ "ಯಾರು ನೀವು?" ಅಂತಾನೆ. ಗುರುತು ತೋರಿಸ್ತೀರಿ, ಒಳಗೆ ಬಿಡ್ತಾನೆ. ಇದು ಅಥೆಂಟಿಕೇಶನ್. ಮೇಲೆ ಹೋಗಿ ಫ್ಲ್ಯಾಟ್ ಬಾಗಿಲು ತಟ್ಟಿದರೆ ಮನೆಯವರು ತೆಗೆಯಬೇಕು, ತೆಗೆಯದೆಯೂ ಇರಬಹುದು. ಇದು ಆಥರೈಸೇಶನ್, ಅಂದರೆ ಅನುಮತಿ. ಮೂರನೆಯದು, ನೀವು ಬರೆದುಕೊಂಡು ಬಂದ ಫ್ಲ್ಯಾಟ್ ನಂಬರ್ ಆ ಬಿಲ್ಡಿಂಗ್‌ನಲ್ಲಿ ಇಲ್ಲವೇ ಇಲ್ಲ.

ಸರ್ವರ್ ಭಾಷೆಯಲ್ಲಿ ಗೇಟಿನಲ್ಲೇ ತಡೆದರೆ ಸಾಮಾನ್ಯವಾಗಿ 401. ಬಾಗಿಲಲ್ಲಿ ತಡೆದರೆ 403, ಅಥವಾ ಲಾಗ್‌ನಲ್ಲಿ "ಇಂಪರ್ಸನೇಟ್ ಯೂಸರ್ ಡಿನೈಡ್" ಅಂತ ಬರುತ್ತೆ. ಫ್ಲ್ಯಾಟೇ ಇಲ್ಲದಿದ್ದರೆ "ನಾನ್ ಎಕ್ಸಿಸ್ಟೆಂಟ್ ಮೇಲ್‌ಬಾಕ್ಸ್" ಅಂತ. ಈ ಮೂರಕ್ಕೂ ಬ್ಯಾಕಪ್ ಸಾಫ್ಟ್‌ವೇರಿನ ಸ್ಕ್ರೀನ್‌ನಲ್ಲಿ ಒಂದೇ ಕೆಂಪು ಗೆರೆ ಕಾಣಿಸಬಹುದು: "ಅಕೌಂಟ್ ಪರಿಶೀಲಿಸಿ". ಅದನ್ನು ನೋಡಿದ ತಕ್ಷಣ ಎಲ್ಲರೂ ಮಾಡೋದು ಪಾಸ್‌ವರ್ಡ್ ಬದಲಾಯಿಸೋದು. 403 ಬರುತ್ತಿರುವಾಗ ಪಾಸ್‌ವರ್ಡ್ ಹತ್ತು ಸಲ ಬದಲಾಯಿಸಿದರೂ ಏನೂ ಆಗಲ್ಲ. ವಾಚ್‌ಮನ್ ನಿಮ್ಮನ್ನ ಆಗಲೇ ಬಿಟ್ಟಾಗಿದೆ.

ಆದ್ದರಿಂದ ಮೊದಲ ಕೆಲಸ, ಸ್ಕ್ರೀನಿನ ಮೇಲಿನ ವಾಕ್ಯ ಬಿಟ್ಟು ಒಳಗಿನ ಲಾಗ್ ತೆಗೆದು ನಿಖರವಾದ ಕೋಡ್ ಮತ್ತು ನಿಖರವಾದ ಸಮಯ ಬರೆದುಕೊಳ್ಳೋದು. ಗಂಟೆ, ನಿಮಿಷ, ಸೆಕೆಂಡ್. ಇವೆರಡು ಇಲ್ಲದೆ ಮುಂದಿನದೆಲ್ಲ ಊಹೆ.

ಒಂದು ಬ್ಯಾಕಪ್, ಎಷ್ಟು ಅಕೌಂಟ್?

ಎರಡನೇ ಕೆಲಸ, ಒಂದು ಕಾಗದ ತಗೊಂಡು ಈ ಬ್ಯಾಕಪ್ ಕೆಲಸದಲ್ಲಿ ಎಷ್ಟು ಅಕೌಂಟ್‌ಗಳು ಇವೆ ಅಂತ ಬರೆಯೋದು. "ಒಂದೇ ಸರ್" ಅಂತಾರೆ. ಒಂದೇ ಇರೋದು ಅಪರೂಪ.

ಬ್ಯಾಕಪ್ ಸರ್ವರ್ ಮೇಲೆ ಓಡುವ ಸರ್ವಿಸ್‌ಗೆ ಒಂದು ಅಕೌಂಟ್. ಎಕ್ಸ್‌ಚೇಂಜ್ ಸರ್ವರ್ ಮೇಲಿನ ಏಜೆಂಟ್‌ಗೆ ಇನ್ನೊಂದು, ಅದು ಹೆಚ್ಚಾಗಿ ಲೋಕಲ್ ಸಿಸ್ಟಮ್ ಆಗಿರುತ್ತೆ. ಡೇಟಾಬೇಸ್ ಪೂರ್ತಿ ಬ್ಯಾಕಪ್ ಮಾಡೋಕೆ ಆ ಸರ್ವರ್ ಮೇಲೆ ಹಕ್ಕಿದ್ದರೆ ಸಾಕು, ಮೇಲ್‌ಬಾಕ್ಸ್‌ಗಳ ಒಳಗೆ ಹೋಗುವ ಅನುಮತಿ ಬೇಕಿಲ್ಲ. ಆದರೆ ಒಬ್ಬೊಬ್ಬರ ಮೇಲ್‌ಬಾಕ್ಸ್ ಬೇರೆ ಬೇರೆ ತೆಗೆಯೋಕೆ, ಒಂದೇ ಒಂದು ಮೇಲ್ ವಾಪಸ್ ಹಾಕೋಕೆ, ಮೇಲ್‌ಬಾಕ್ಸ್ ಒಳಗಿನ ಅನುಮತಿ ಇರುವ ಅಕೌಂಟ್ ಬೇಕು. ಬ್ಯಾಕಪ್ ಫೈಲ್ ಹೋಗಿ ಕೂರುವ ಸ್ಟೋರೇಜ್ ಶೇರ್‌ಗೆ ಮತ್ತೊಂದು.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಬರುತ್ತೆ. ಬ್ಯಾಕಪ್ ಆರು ತಿಂಗಳಿಂದ ಹಸಿರು. ರಿಸ್ಟೋರ್ ಕೇಳಿದ ದಿನ ಅಥೆಂಟಿಕೇಶನ್ ಎರರ್. ಯಾಕೆಂದರೆ ರಿಸ್ಟೋರ್ ಮಾಡೋ ಅಕೌಂಟ್ ಬೇರೆ, ಅದನ್ನು ಯಾರೂ ಈ ಆರು ತಿಂಗಳಲ್ಲಿ ಒಮ್ಮೆಯೂ ಬಳಸಿರಲಿಲ್ಲ.

ಸಾಫ್ಟ್‌ವೇರಿನ "ಟೆಸ್ಟ್ ಕನೆಕ್ಷನ್" ಗುಂಡಿಯನ್ನೂ ಪೂರ್ತಿ ನಂಬಬೇಡಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಆ ಗುಂಡಿ ಒತ್ತಿದಾಗ ಪರೀಕ್ಷೆ ಆಗೋದು ಕನ್ಸೋಲ್ ಮುಂದೆ ಕೂತಿರುವವರ ಹಕ್ಕಿನ ಮೇಲೆ. ರಾತ್ರಿ ಕೆಲಸ ಓಡೋದು ಸರ್ವಿಸ್ ಅಕೌಂಟ್ ಹಕ್ಕಿನ ಮೇಲೆ.

ಚಾಕಣ್‌ನ ಒಂದು ರಾತ್ರಿ ಪಾಳಿ

ಇದನ್ನೆಲ್ಲ ಒಂದು ನಿಜವಾದ ಕೇಸಿನಲ್ಲಿ ನೋಡೋಣ. ಪುಣೆ ಹತ್ತಿರ ಚಾಕಣ್ ಕಡೆಯ ಒಂದು ಬಿಡಿಭಾಗ ತಯಾರಿಸುವ ಕಂಪನಿ. ಹೆಸರು ಬೇಡ. ಅಲ್ಲಿ ರಾತ್ರಿ ಪಾಳಿಯಲ್ಲಿ ಎಲ್1 ಕೆಲಸಕ್ಕೆ ಒಬ್ಬ ಬಾಗಲಕೋಟೆ ಕಡೆಯ ಹುಡುಗ ಇದ್ದ. ಕಾಂಟ್ರಾಕ್ಟ್ ಮೇಲೆ. ಊರು ಬಿಟ್ಟು ಬಂದು ಎಂಟು ತಿಂಗಳು.

90 ದಿನಕ್ಕೊಮ್ಮೆ ಸರ್ವಿಸ್ ಅಕೌಂಟ್ ಪಾಸ್‌ವರ್ಡ್ ಬದಲಾಯಿಸಬೇಕು ಅನ್ನೋದು ಆ ಕಂಪನಿಯ ನಿಯಮ. ಆ ವಾರ ಬದಲಾಯಿಸಿ, ಬ್ಯಾಕಪ್ ಸರ್ವರ್‌ನಲ್ಲಿ ಹೊಸದನ್ನು ಹಾಕಿದ್ದು ಇವನೇ. ಅದೇ ವಾರದಿಂದ ಬ್ಯಾಕಪ್ ಪ್ರತಿ ರಾತ್ರಿ 2 ಗಂಟೆಗೆ ಫೇಲ್. ಅಕೌಂಟ್ ಲಾಕ್ ಆಗಿದೆ ಅಂತ ಎರರ್. ಬೆಳಗ್ಗೆ 9 ಗಂಟೆಗೆ ನೋಡಿದರೆ ಅಕೌಂಟ್ ಸರಿಯಾಗಿದೆ, ಟೆಸ್ಟ್ ಕನೆಕ್ಷನ್ ಹಸಿರು. ಒಂಬತ್ತು ದಿನ ಹೀಗೇ ನಡೆಯಿತು. ಅವನು ದಿನಾ ಟಿಕೆಟ್ ಹಾಕಿದ್ದಾನೆ, ದಿನಾ ಅದನ್ನು "ಪಾಸ್‌ವರ್ಡ್ ಮತ್ತೆ ಹಾಕಿ ನೋಡಿ" ಅಂತ ಮುಚ್ಚಿದ್ದಾರೆ.

ಹತ್ತನೇ ದಿನ ಬೆಳಗ್ಗೆ ಬ್ರಿಜ್ ಕಾಲ್. ನನ್ನನ್ನು ಸೇರಿಸಿದ್ದು ಅವತ್ತು. ಲಾಗ್ ಡಿಸ್ಕ್ 200 ಜಿಬಿ. ದಿನಕ್ಕೆ ಸುಮಾರು 18 ಜಿಬಿ ಲಾಗ್ ಬೆಳೆಯುತ್ತಿತ್ತು. ಒಂಬತ್ತು ದಿನಕ್ಕೆ 162. ಉಳಿದದ್ದು 38 ಜಿಬಿ, ಅಂದರೆ ಎರಡು ದಿನ. ಕಾಲ್‌ನಲ್ಲಿ ಮಾತೆಲ್ಲ ಹಿಂದಿ, ಮರಾಠಿ. "ಲಡಕೇ ನೇ ಪಾಸ್‌ವರ್ಡ್ ಗಲತ್ ಡಾಲಾ ಹೈ" ಅಂತ ಅವರ ಮ್ಯಾನೇಜರ್ ಮೂರು ಸಲ ಹೇಳಿದರು. ಕಾಂಟ್ರಾಕ್ಟ್ ರಿನ್ಯೂವಲ್ ಮುಂದಿನ ತಿಂಗಳು ಇತ್ತು. ಆ ಹುಡುಗನ ಹಿಂದಿ ಅಷ್ಟಕ್ಕಷ್ಟೇ. ಸುಮ್ಮನೇ ಇದ್ದ. ಕಾಲ್ ಮುಗಿದ ಮೇಲೆ ನಾನು ಕನ್ನಡದಲ್ಲಿ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟೇ: "ಸರ್, ಪಾಸ್‌ವರ್ಡ್ ನಾ ಸರೀನ ಹಾಕೇನ್ರೀ. ಮೂರ್ ಸಲ ನೋಡೇನ್ರೀ. ಆದ್ರ ಇವ್ರು ಕೇಳವಲ್ರು."

ನನಗೆ ಅವನ ಮಾತಿನಲ್ಲಿ ಒಂದು ಸುಳಿವು ಸಿಕ್ಕಿತು. ಪಾಸ್‌ವರ್ಡ್ ತಪ್ಪಾಗಿದ್ದಿದ್ದರೆ ಹಗಲು ಹೊತ್ತಿನಲ್ಲೂ ಟೆಸ್ಟ್ ಫೇಲ್ ಆಗಬೇಕಿತ್ತು. ರಾತ್ರಿ ಮಾತ್ರ ಲಾಕ್ ಆಗುತ್ತೆ ಅಂದರೆ, ರಾತ್ರಿ ಇನ್ಯಾರೋ ಅದೇ ಅಕೌಂಟ್ ಹೆಸರಿನಲ್ಲಿ ಬಾಗಿಲು ಬಡೀತಿದ್ದಾರೆ.

ಇದನ್ನು ಪತ್ತೆ ಮಾಡೋಕೆ ಬ್ಯಾಕಪ್ ಸಾಫ್ಟ್‌ವೇರ್ ಬೇಕಿಲ್ಲ. ಡೊಮೈನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್ ಸಾಕು. ಅಕೌಂಟ್ ಲಾಕ್ ಆದಾಗ ಅಲ್ಲಿ 4740 ಅನ್ನೋ ಇವೆಂಟ್ ದಾಖಲಾಗುತ್ತೆ. ಪಿಡಿಸಿ ಎಮ್ಯುಲೇಟರ್ ಪಾತ್ರ ಇರುವ ಡೊಮೈನ್ ಕಂಟ್ರೋಲರ್‌ನಲ್ಲಿ ನೋಡಿದರೆ ಖಂಡಿತ ಸಿಗುತ್ತೆ. ಅದರಲ್ಲಿ "ಕಾಲರ್ ಕಂಪ್ಯೂಟರ್ ನೇಮ್" ಅಂತ ಒಂದು ಸಾಲಿರುತ್ತೆ, ಯಾವ ಮಷೀನ್‌ನಿಂದ ತಪ್ಪು ಪಾಸ್‌ವರ್ಡ್ ಬಂತು ಅಂತ.

ಒಂಬತ್ತು ರಾತ್ರಿಯ ಒಂಬತ್ತು 4740 ತೆಗೆದೆವು. ಎಲ್ಲವೂ 1 ಗಂಟೆ 55 ನಿಮಿಷದ ಆಸುಪಾಸು. ಎಲ್ಲದರಲ್ಲೂ ಒಂದೇ ಮಷೀನ್ ಹೆಸರು, ಮತ್ತು ಅದು ಈ ಹುಡುಗ ಪಾಸ್‌ವರ್ಡ್ ಹಾಕಿದ ಸರ್ವರ್ ಅಲ್ಲ. ಎರಡು ವರ್ಷದ ಹಿಂದೆ ನಿಲ್ಲಿಸಿದ ಹಳೇ ಬ್ಯಾಕಪ್ ಸರ್ವರ್.

ಅದು ಎದ್ದು ಕೂತಿದ್ದು ಹೇಗೆ ಅಂತ ವಿಚಾರಿಸಿದರೆ, ಆಡಿಟರ್ ಯಾವುದೋ ಹಳೇ ಮೇಲ್ ಕೇಳಿದ್ದರಂತೆ. ಅದನ್ನು ತೆಗೆಯೋಕೆ ಹಗಲು ಪಾಳಿಯವರು ಆ ವಿಎಂ ಆನ್ ಮಾಡಿದ್ದಾರೆ, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟಿದ್ದಾರೆ. ಅದರೊಳಗಿನ ಹಳೇ ಶೆಡ್ಯೂಲ್ ಜೀವ ಪಡೆಯಿತು. ರಾತ್ರಿ 1.55ಕ್ಕೆ ಎರಡು ವರ್ಷದ ಹಿಂದಿನ ಪಾಸ್‌ವರ್ಡ್ ಹಿಡಿದು ಐದು ಸಲ ಬಡಿಯುತ್ತೆ, ಅಕೌಂಟ್ ಲಾಕ್. 2 ಗಂಟೆಗೆ ನಿಜವಾದ ಬ್ಯಾಕಪ್ ಬಂದಾಗ ಬಾಗಿಲು ಮುಚ್ಚಿರುತ್ತೆ. ಅಲ್ಲಿನ ಪಾಲಿಸಿಯಲ್ಲಿ ಲಾಕ್ ಅವಧಿ 30 ನಿಮಿಷ. 2.25ಕ್ಕೆ ಅದು ತಾನಾಗಿ ತೆರೆದುಕೊಳ್ಳುತ್ತೆ. ಬೆಳಗ್ಗೆ ನೋಡಿದರೆ ಎಲ್ಲ ಸರಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ತಿಳಿದಿರಲಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಹಿಸ್ಟರಿ ಇಟ್ಟಿದ್ದರೆ, ತೀರಾ ಇತ್ತೀಚಿನ ಹಳೇ ಪಾಸ್‌ವರ್ಡ್‌ನಿಂದ ಬಂದ ಪ್ರಯತ್ನ ಲಾಕ್ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ನಿನ್ನೆ ತಾನೇ ಬದಲಾಯಿಸಿದ ಪಾಸ್‌ವರ್ಡ್ ಎಲ್ಲೋ ಉಳಿದುಹೋಗಿದ್ದರೆ ಅಕೌಂಟ್ ಲಾಕ್ ಆಗುವ ಸಂಭವ ಕಡಿಮೆ. ಲಾಕ್ ಆಗ್ತಿದೆ ಅಂದರೆ ಬಹಳ ಹಳೆಯದು ಎಲ್ಲೋ ಕೂತಿದೆ, ಅಥವಾ ಯಾರೋ ನಿಜವಾಗಿ ಊಹೆ ಮಾಡಿ ನುಗ್ಗಲು ನೋಡ್ತಿದ್ದಾರೆ. ಎರಡನೆಯದಾದರೆ ಅದು ಸೆಕ್ಯುರಿಟಿ ತಂಡದ ಕೇಸು, ತಕ್ಷಣ ಹೇಳಬೇಕು.

ಹಳೇ ಸರ್ವರ್‌ನ ಶೆಡ್ಯೂಲ್ ನಿಲ್ಲಿಸಿದೆವು. ರಾತ್ರಿವರೆಗೆ ಕಾಯದೆ ಹಗಲಲ್ಲೇ ಫುಲ್ ಬ್ಯಾಕಪ್ ಓಡಿಸಿದೆವು. ಮುಗಿದ ಮೇಲೆ ಲಾಗ್‌ಗಳು ಅಳಿಸಿಹೋದವು, ಡಿಸ್ಕ್ ಖಾಲಿಯಾಯಿತು. ವರದಿಯಲ್ಲಿ ನಾನು ಆ ಒಂಬತ್ತು ಸಮಯ, ಒಂಬತ್ತು ಸಲದ ಮಷೀನ್ ಹೆಸರು, ಹುಡುಗ ದಿನಾ ಹಾಕಿದ ಟಿಕೆಟ್ ನಂಬರ್, ಇಷ್ಟನ್ನು ಪಕ್ಕ ಪಕ್ಕ ಇಟ್ಟು ಬರೆದೆ. ಯಾರನ್ನೂ ಬೈದು ಬರೆಯಲಿಲ್ಲ. ಅವನ ಕಾಂಟ್ರಾಕ್ಟ್ ಮುಂದುವರಿಯಿತು.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳಿದೆ ಅಂದರೆ, ಬೇರೆ ಊರಲ್ಲಿ, ಬೇರೆ ಭಾಷೆಯ ಕಾಲ್‌ನಲ್ಲಿ ನಮ್ಮ ಹುಡುಗರು ವಾದ ಮಾಡಿ ಗೆಲ್ಲೋದು ಕಷ್ಟ. ಇವೆಂಟ್ ನಂಬರ್, ಸಮಯ, ಮಷೀನ್ ಹೆಸರು ಇದ್ದರೆ ಭಾಷೆ ಬೇಕಾಗಲ್ಲ. ಸ್ಕ್ರೀನ್‌ಶಾಟ್ ಹಾಕಿದರೆ ಸಾಕು.

4625ರ ಕೊನೆಯ ಅಂಕಿಗಳು

ಇನ್ನೊಂದು ಉಪಯೋಗದ ಇವೆಂಟ್ 4625. ಲಾಗಿನ್ ಫೇಲ್ ಆದ ಮಷೀನ್‌ನಲ್ಲೇ, ನಮ್ಮ ಕೇಸಿನಲ್ಲಿ ಎಕ್ಸ್‌ಚೇಂಜ್ ಸರ್ವರ್‌ನಲ್ಲಿ, ಇದು ಸಿಗುತ್ತೆ. ಅದರಲ್ಲಿ "ಸಬ್ ಸ್ಟೇಟಸ್" ಅಂತ ಉದ್ದದ ಕೋಡ್ ಇರುತ್ತೆ. ಕೊನೆಯ ಅಂಕಿಗಳನ್ನು ನೋಡಿ. ಅದು ಸೊನ್ನೆಯೇ ಆಗಿದ್ದರೆ ಮೇಲಿನ "ಸ್ಟೇಟಸ್" ಸಾಲು ನೋಡಿ.

6ಎ ಅಂತಿದ್ದರೆ ಪಾಸ್‌ವರ್ಡ್ ನಿಜವಾಗಿಯೂ ತಪ್ಪು.
64 ಇದ್ದರೆ ಆ ಹೆಸರಿನ ಅಕೌಂಟೇ ಇಲ್ಲ.
71 ಇದ್ದರೆ ಪಾಸ್‌ವರ್ಡ್ ಅವಧಿ ಮುಗಿದಿದೆ.
72 ಇದ್ದರೆ ಅಕೌಂಟ್ ಡಿಸೇಬಲ್ ಆಗಿದೆ.
234 ಇದ್ದರೆ ಲಾಕ್.
133 ಇದ್ದರೆ ಗಡಿಯಾರಗಳು ಹೊಂದುತ್ತಿಲ್ಲ.
15ಬಿ ಇದ್ದರೆ ಪಾಸ್‌ವರ್ಡ್ ಸರಿ, ಆದರೆ ಆ ಮಷೀನ್‌ನಲ್ಲಿ ಆ ರೀತಿ ಲಾಗಿನ್ ಆಗುವ ಹಕ್ಕಿಲ್ಲ.

ಈ ಕೊನೆಯದು ಬಹಳ ಸಲ ಬರುತ್ತೆ. ಸರ್ವಿಸ್ ಆಗಿ ಓಡೋ ಅಕೌಂಟ್‌ಗೆ "ಲಾಗ್ ಆನ್ ಆಸ್ ಎ ಸರ್ವಿಸ್" ಹಕ್ಕು ಬೇಕು. ನೀವು ಕೈಯಿಂದ ಕೊಟ್ಟಿರ್ತೀರಿ, ಒಂದು ದಿನ ಸರಿ ಇರುತ್ತೆ. ಆಮೇಲೆ ಗ್ರೂಪ್ ಪಾಲಿಸಿ ಬಂದು ತನ್ನ ಪಟ್ಟಿಯನ್ನು ಅದರ ಮೇಲೆ ಬರೆದುಬಿಡುತ್ತೆ. ಮುಂದಿನ ಸಲ ಸರ್ವಿಸ್ ಶುರುವಾಗುವಾಗ 1069 ಅನ್ನೋ ಎರರ್. ಹಕ್ಕನ್ನು ಗ್ರೂಪ್ ಪಾಲಿಸಿಯಲ್ಲೇ ಸೇರಿಸಬೇಕು.

64 ಬಂದರೆ ಹೆಸರಿನ ಉದ್ದ ನೋಡಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಹಳೇ ಶೈಲಿಯ ಲಾಗಿನ್ ಹೆಸರು, ಅಂದರೆ ಡೊಮೈನ್ ಹೆಸರು ಹಾಕಿ ಗೆರೆ ಎಳೆದು ಬರೆಯೋದು, 20 ಅಕ್ಷರಕ್ಕಿಂತ ಉದ್ದ ಇರಲ್ಲ. ಯಾರೋ ಚಂದವಾಗಿ 24 ಅಕ್ಷರದ ಹೆಸರಿಟ್ಟಿದ್ದರೆ ಹಳೇ ಶೈಲಿಯ ಹೆಸರು ಅರ್ಧಕ್ಕೇ ನಿಂತಿರುತ್ತೆ. ನೀವು ಪೂರ್ತಿ ಹೆಸರು ಟೈಪ್ ಮಾಡ್ತಾ ಇರ್ತೀರಿ.

ಹೆಚ್ಚು ಅಧಿಕಾರ ಕೊಟ್ಟರೆ ಇನ್ನೂ ಕೆಡುತ್ತೆ

ಈಗ ಬಾಗಿಲಿನ ತೊಂದರೆ, ಅಂದರೆ ಅನುಮತಿ. ಬ್ಯಾಕಪ್ ಅಕೌಂಟ್‌ಗೆ ಮೇಲ್‌ಬಾಕ್ಸ್ ತೆರೆಯಲು ಆಗ್ತಿಲ್ಲ ಅಂದರೆ ಸಾಮಾನ್ಯ ಮದ್ದು ಏನು? "ಡೊಮೈನ್ ಅಡ್ಮಿನ್ ಮಾಡಿಬಿಡಿ." ಮಾಡ್ತಾರೆ. ಆಗಲೂ ತೆರೆಯಲ್ಲ.

ಕಾರಣ ಇದೆ. ಆಡಳಿತ ಮಾಡುವವರು ಎಲ್ಲರ ಮೇಲ್ ಓದಬಾರದು ಅಂತ ಎಕ್ಸ್‌ಚೇಂಜ್ ತಾನೇ ಡೊಮೈನ್ ಅಡ್ಮಿನ್, ಎಂಟರ್‌ಪ್ರೈಸ್ ಅಡ್ಮಿನ್ ಗುಂಪುಗಳಿಗೆ ಮೇಲ್‌ಬಾಕ್ಸ್ ಪ್ರವೇಶದ ಮೇಲೆ ನಿರಾಕರಣೆ ಹಾಕಿಟ್ಟಿರುತ್ತೆ. ಒಂದೇ ಹಂತದಲ್ಲಿ ಕೊಟ್ಟ ಅನುಮತಿ ಮತ್ತು ನಿರಾಕರಣೆ ಎರಡೂ ಇದ್ದಾಗ ನಿರಾಕರಣೆ ಗೆಲ್ಲುತ್ತೆ. ಹಾಗಾಗಿ ನಿನ್ನೆವರೆಗೆ ಓಡ್ತಿದ್ದ ಅಕೌಂಟ್ ಡೊಮೈನ್ ಅಡ್ಮಿನ್ ಆದ ಮೇಲೆ ನಿಂತುಹೋಗಬಹುದು. ಅದರ ಜೊತೆಗೆ, ರ್‍ಯಾನ್ಸಮ್‌ವೇರ್ ಬಂದವನಿಗೆ ಬ್ಯಾಕಪ್ ಸರ್ವರ್‌ನಲ್ಲಿ ಸೇವ್ ಆಗಿರುವ ಡೊಮೈನ್ ಅಡ್ಮಿನ್ ಪಾಸ್‌ವರ್ಡ್ ಸಿಕ್ಕರೆ ಮುಗೀತು, ಇಡೀ ಡೊಮೈನ್ ಅವನದು.

ಬೇಕಾದಷ್ಟೇ ಕೊಡಿ. ನಿಮ್ಮ ಆಫೀಸಿನಲ್ಲೇ ಇರುವ ಎಕ್ಸ್‌ಚೇಂಜ್ ಆದರೆ, ಸಾಫ್ಟ್‌ವೇರ್ ಕೇಳುವುದಾದರೆ, ಅಪ್ಲಿಕೇಶನ್ ಇಂಪರ್ಸನೇಶನ್ ಅನ್ನೋ ರೋಲ್ ಕೊಡಬಹುದು. ಅದಕ್ಕೂ ವ್ಯಾಪ್ತಿ ಹಾಕಬಹುದು, ಇಂಥ ಮೇಲ್‌ಬಾಕ್ಸ್‌ಗಳಿಗೆ ಮಾತ್ರ ಅಂತ.

ಅಕೌಂಟಿನ ಸ್ವಂತ ಮೇಲ್‌ಬಾಕ್ಸ್ ಕೂಡ ನೋಡಿ. ಹಳೇ ಮಾದರಿಯ ಕೆಲವು ಸಾಫ್ಟ್‌ವೇರ್‌ಗಳಿಗೆ ಬ್ಯಾಕಪ್ ಅಕೌಂಟ್‌ಗೆ ಒಂದು ಮೇಲ್‌ಬಾಕ್ಸ್ ಇರಲೇಬೇಕು, ಅದು ಅಡ್ರೆಸ್ ಲಿಸ್ಟ್‌ನಲ್ಲಿ ಅಡಗಿರಬಾರದು. ಬ್ಯಾಕಪ್ ಎಕ್ಸೆಕ್‌ನ ಹಳೇ ಆವೃತ್ತಿಗಳಲ್ಲಿ ಆ ಮೇಲ್‌ಬಾಕ್ಸ್ ಹೆಸರಿನ ಮೊದಲ ಐದು ಅಕ್ಷರ ಬೇರೆ ಯಾರ ಹೆಸರಿನ ಜೊತೆಗೂ ಹೊಂದಬಾರದು ಅಂತ ನಿಯಮ ಇತ್ತು. "ಬ್ಯಾಕಪ್1" ಇದ್ದ ಕಡೆ "ಬ್ಯಾಕಪ್2" ಮಾಡಿದರೆ ಎರಡಕ್ಕೂ ತೊಂದರೆ. ಪಾಸ್‌ವರ್ಡ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಆದರೆ ಬರುವ ದೂರು ಲಾಗಿನ್ ಬಗ್ಗೆಯೇ.

ಗಡಿಯಾರ ಮತ್ತು ಲೋಡ್ ಬ್ಯಾಲೆನ್ಸರ್

ಕರ್ಬೆರಾಸ್ ಅನ್ನೋ ಲಾಗಿನ್ ಪದ್ಧತಿಗೆ ಎರಡು ಮಷೀನ್‌ಗಳ ಗಡಿಯಾರ ಹೊಂದಬೇಕು. ವಿಂಡೋಸ್‌ನಲ್ಲಿ 5 ನಿಮಿಷದವರೆಗಿನ ವ್ಯತ್ಯಾಸ ನಡೆಯುತ್ತೆ, ಅದಕ್ಕಿಂತ ಹೆಚ್ಚಾದರೆ ನಿರಾಕರಣೆ. ವಿಎಂ ಸ್ನ್ಯಾಪ್‌ಶಾಟ್‌ನಿಂದ ಎದ್ದಾಗ, ಹೋಸ್ಟ್‌ನ ಸಮಯವೇ ತಪ್ಪಿದ್ದಾಗ ಇದು ಬರುತ್ತೆ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸಿಸ್ಟಮ್ ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳ ಸಮಯಕ್ಕೆ ಹೊಂದಿಕೊಂಡ ಸರ್ವರ್‌ಗಳಿಗೆ ಜೋಡಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಕ್ಲೈಂಟ್ "ಲಾಗ್ ಇಟ್ಟಿಲ್ಲ" ಅಂದರೆ ಇದನ್ನು ಮೆಲ್ಲಗೆ ನೆನಪಿಸಿ.

ಇನ್ನೊಂದು ಹೊಸ ಕಾರಣ. ಎಕ್ಸ್‌ಚೇಂಜ್ 2019ರ ಸಿಯು14, 2024ರ ಫೆಬ್ರವರಿಯಲ್ಲಿ ಬಂತು. ಅದನ್ನು ಹಾಕಿದಾಗ ಎಕ್ಸ್‌ಟೆಂಡೆಡ್ ಪ್ರೊಟೆಕ್ಷನ್ ತಾನಾಗಿ ಆನ್ ಆಗುತ್ತೆ. ಇದು ಒಳ್ಳೆಯದೇ, ಮಧ್ಯದಲ್ಲಿ ಕೂತು ಲಾಗಿನ್ ಕದಿಯೋದನ್ನು ತಡೆಯುತ್ತೆ. ಆದರೆ ಲೋಡ್ ಬ್ಯಾಲೆನ್ಸರ್ ಎಸ್‌ಎಸ್‌ಎಲ್ ಬಿಚ್ಚಿ ಕಳಿಸ್ತಿದ್ದರೆ, ಅಥವಾ ಅದರ ಸರ್ಟಿಫಿಕೇಟ್ ಬೇರೆ, ಸರ್ವರ್ ಸರ್ಟಿಫಿಕೇಟ್ ಬೇರೆ ಇದ್ದರೆ, ಸರಿಯಾದ ಪಾಸ್‌ವರ್ಡ್‌ಗೂ 401 ಬರುತ್ತೆ. ಅಪ್‌ಡೇಟ್ ಆದ ಮರುದಿನದಿಂದ ಬ್ಯಾಕಪ್ ನಿಂತಿದ್ದರೆ ಇಲ್ಲಿ ನೋಡಿ. ಪ್ರೊಟೆಕ್ಷನ್ ಆಫ್ ಮಾಡೋದು ಬಿಟ್ಟು ಸರ್ಟಿಫಿಕೇಟ್ ಒಂದೇ ಮಾಡಿ. ಅಂದಹಾಗೆ ಎಕ್ಸ್‌ಚೇಂಜ್ 2016 ಮತ್ತು 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇರುವ ಕ್ಲೈಂಟ್‌ಗಳಿಗೆ ಬರವಣಿಗೆಯಲ್ಲಿ ತಿಳಿಸಿ.

ಕ್ಲೌಡ್‌ಗೆ ಹೋದರೆ ಪಾಸ್‌ವರ್ಡ್ ಕಥೆ ಮುಗಿಯಿತಾ?

ಮುಗಿಯಲ್ಲ, ರೂಪ ಬದಲಾಗುತ್ತೆ. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಬೇಸಿಕ್ ಅಥೆಂಟಿಕೇಶನ್ ನಿಲ್ಲಿಸುತ್ತಾ ಬಂತು. ಬರೀ ಹೆಸರು, ಪಾಸ್‌ವರ್ಡ್ ಹಿಡಿದು ಬರುವ ಹಳೇ ಬ್ಯಾಕಪ್ ಸಾಫ್ಟ್‌ವೇರ್ ಅಲ್ಲಿ ನಡೆಯಲ್ಲ. ಈಗ ಆ್ಯಪ್ ರಿಜಿಸ್ಟ್ರೇಶನ್ ಮಾಡಿ, ಅದಕ್ಕೆ ಅನುಮತಿ ಕೊಟ್ಟು, ಟೋಕನ್ ಮೂಲಕ ಹೋಗಬೇಕು.

ಇಲ್ಲಿ ಎರರ್‌ಗಳು ಎಎಡಿಎಸ್‌ಟಿಎಸ್ ಅಂತ ಶುರುವಾಗಿ ಮುಂದೆ ನಂಬರ್ ಇರುತ್ತೆ. ಐದು ನೆನಪಿಡಿ. 50126 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 50076 ಅಂದರೆ ಎಂಎಫ್‌ಎ ಕೇಳ್ತಿದೆ. ರಾತ್ರಿ 2 ಗಂಟೆಗೆ ಓಟಿಪಿ ಕೊಡೋರು ಯಾರು? ಮನುಷ್ಯರ ಅಕೌಂಟನ್ನು ಬ್ಯಾಕಪ್‌ಗೆ ಹಾಕಿದ್ದಾರೆ ಅಂತ ಅರ್ಥ. 65001 ಅಂದರೆ ಅಡ್ಮಿನ್ ಒಪ್ಪಿಗೆ ಕೊಟ್ಟಿಲ್ಲ. 700016 ಅಂದರೆ ಆ ಡೈರೆಕ್ಟರಿಯಲ್ಲಿ ಆ ಆ್ಯಪ್ಪೇ ಇಲ್ಲ, ಬಹುಶಃ ಟೆನೆಂಟ್ ಐಡಿ ಬೇರೆಯದು ಹಾಕಿದ್ದಾರೆ. 7000222 ಅಂದರೆ ಕ್ಲೈಂಟ್ ಸೀಕ್ರೆಟ್ ಅವಧಿ ಮುಗಿದಿದೆ.

ಈ ಕೊನೆಯದೇ ಹೆಚ್ಚು ಕಾಟ ಕೊಡೋದು. ಪೋರ್ಟಲ್‌ನಲ್ಲಿ ಸೀಕ್ರೆಟ್ ಮಾಡಿದರೆ ಗರಿಷ್ಠ 24 ತಿಂಗಳು. ಮಾಡಿದವರು ಅಷ್ಟರಲ್ಲಿ ಕಂಪನಿ ಬದಲಾಯಿಸಿರುತ್ತಾರೆ, ನಮ್ಮ ಫೀಲ್ಡ್ ನಿಮಗೆ ಗೊತ್ತೇ ಇದೆ. ಅವಧಿಯ ದಿನಾಂಕವನ್ನು ತಂಡದ ಕ್ಯಾಲೆಂಡರ್‌ನಲ್ಲಿ ಹಾಕಿ, ಒಬ್ಬರ ಕ್ಯಾಲೆಂಡರ್‌ನಲ್ಲಿ ಬೇಡ. ಸಾಧ್ಯವಾದರೆ ಸೀಕ್ರೆಟ್ ಬದಲು ಸರ್ಟಿಫಿಕೇಟ್ ಬಳಸಿ.

ಇನ್ನೆರಡು ಬದಲಾವಣೆ. ಆಗಲೇ ಹೇಳಿದ ಅಪ್ಲಿಕೇಶನ್ ಇಂಪರ್ಸನೇಶನ್ ರೋಲ್ ಆನ್‌ಲೈನ್‌ನಲ್ಲಿ ಈಗ ಇಲ್ಲ. 2024ರಲ್ಲಿ ಹೊಸದಾಗಿ ಕೊಡೋದನ್ನು ನಿಲ್ಲಿಸಿ, 2025ರಲ್ಲಿ ತೆಗೆದರು. ಎಕ್ಸ್‌ಚೇಂಜ್ ವೆಬ್ ಸರ್ವಿಸಸ್ ಅನ್ನೂ ಆನ್‌ಲೈನ್‌ನಲ್ಲಿ 2026ರ ಅಕ್ಟೋಬರ್‌ನಿಂದ ನಿಲ್ಲಿಸುವುದಾಗಿ 2023ರಲ್ಲೇ ಘೋಷಿಸಿದ್ದಾರೆ. ಮುಂದಿನ ದಾರಿ ಮೈಕ್ರೋಸಾಫ್ಟ್ ಗ್ರಾಫ್. ನಿಮ್ಮ ಬ್ಯಾಕಪ್ ಸಾಫ್ಟ್‌ವೇರಿನವರಿಗೆ ಈಗಲೇ ಮೇಲ್ ಹಾಕಿ ಕೇಳಿ: "ನೀವು ಗ್ರಾಫ್‌ಗೆ ಬಂದಿದ್ದೀರಾ? ಯಾವ ಆವೃತ್ತಿಯಿಂದ?"

ನಾಳೆ ಆಫೀಸಿಗೆ ಹೋಗಿ ಮಾಡಬಹುದಾದದ್ದು

ಫೇಲ್ ಆದ ದಿನ ಈ ಕ್ರಮದಲ್ಲಿ ಹೋಗಿ. ನಿಖರ ಸಮಯ, ನಿಖರ ಕೋಡ್ ಬರೆದುಕೊಳ್ಳಿ. ಆ ಹಂತದಲ್ಲಿ ಯಾವ ಅಕೌಂಟ್ ಇತ್ತು ಗುರುತಿಸಿ. ಅದೇ ಸಮಯದ 4625, 4740 ನೋಡಿ. ಬ್ಯಾಕಪ್ ಸರ್ವರ್‌ನಲ್ಲೇ ಕೂತು, ಅದೇ ಅಕೌಂಟ್ ಹಾಕಿ, ಬ್ರೌಸರ್‌ನಲ್ಲಿ ಎಕ್ಸ್‌ಚೇಂಜ್ ವೆಬ್ ಸರ್ವಿಸಸ್ ವಿಳಾಸ ತೆರೆಯಿರಿ. ಸರ್ವಿಸ್ ಪುಟ ಬಂದರೆ ಗೇಟು ಸರಿ ಇದೆ, ಬಾಗಿಲು ನೋಡಿ. ಒಂದೇ ಮೇಲ್‌ಬಾಕ್ಸ್ ಫೇಲ್ ಆಗ್ತಿದೆಯೋ ಎಲ್ಲವೂ ಆಗ್ತಿದೆಯೋ ನೋಡಿ. ಒಂದೇ ಆದರೆ ಅಕೌಂಟಿನ ತೊಂದರೆ ಅಲ್ಲ, ಆ ಮೇಲ್‌ಬಾಕ್ಸಿನದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಬದಲಾವಣೆ ಒಟ್ಟಿಗೆ ಮಾಡಿ ಸರಿಹೋದರೆ, ಮುಂದಿನ ತಿಂಗಳು ಮತ್ತೆ ಬಂದಾಗ ಯಾವುದು ಮದ್ದು ಅಂತ ಯಾರಿಗೂ ಗೊತ್ತಿರಲ್ಲ.

ಫೇಲ್ ಆಗದ ದಿನವೂ ಸ್ವಲ್ಪ ಕೆಲಸ ಇದೆ. ಬ್ಯಾಕಪ್ ಅಕೌಂಟ್ ಬ್ಯಾಕಪ್‌ಗೆ ಮಾತ್ರ ಇರಲಿ, ಯಾರ ಸ್ವಂತ ಹೆಸರಿನದೂ ಬೇಡ. ಸಾಫ್ಟ್‌ವೇರ್ ಒಪ್ಪಿದರೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಬಳಸಿ. ವಿಂಡೋಸ್ ಸರ್ವರ್ 2012ರಿಂದ ಇದೆ, ಬೇರೆ ಹೇಳದಿದ್ದರೆ 30 ದಿನಕ್ಕೊಮ್ಮೆ ತನ್ನ ಪಾಸ್‌ವರ್ಡ್ ತಾನೇ ಬದಲಾಯಿಸಿಕೊಳ್ಳುತ್ತೆ, ಯಾರೂ ಟೈಪ್ ಮಾಡಬೇಕಿಲ್ಲ. ಹಾಗಾಗಿ ಯಾರ ಮೇಲೂ "ತಪ್ಪು ಹೊಡೆದೆ" ಅಂತ ಹೇಳೋಕೂ ಆಗಲ್ಲ. ಹಳೇ ಸರ್ವರ್ ನಿಲ್ಲಿಸುವಾಗ ಬರೀ ಆಫ್ ಮಾಡಬೇಡಿ, ಶೆಡ್ಯೂಲ್ ತೆಗೆದು, ಸೇವ್ ಆದ ಪಾಸ್‌ವರ್ಡ್ ತೆಗೆದು, ಆಮೇಲೆ ಆಫ್ ಮಾಡಿ.

ವಾರಕ್ಕೊಮ್ಮೆ ಎಕ್ಸ್‌ಚೇಂಜ್ ಶೆಲ್‌ನಲ್ಲಿ ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್ ಕಮಾಂಡ್ ಅನ್ನು ಸ್ಟೇಟಸ್ ಸೇರಿಸಿ ಓಡಿಸಿ, ಕೊನೆಯ ಫುಲ್ ಬ್ಯಾಕಪ್ ದಿನಾಂಕ ನೋಡಿ. ಇದು ಎಕ್ಸ್‌ಚೇಂಜ್ ತಾನೇ ಹೇಳುವ ದಿನಾಂಕ. ಬ್ಯಾಕಪ್ ಸಾಫ್ಟ್‌ವೇರ್ ಹಸಿರು ತೋರಿಸಿ ಇದು ಮೂರು ವಾರ ಹಿಂದಿನದಾದರೆ ಎಲ್ಲೋ ಏನೋ ತಪ್ಪಿದೆ. ತಿಂಗಳಿಗೊಮ್ಮೆ ಒಂದು ಮೇಲ್, ಒಂದೇ ಒಂದು ಮೇಲ್, ನಿಜವಾಗಿ ರಿಸ್ಟೋರ್ ಮಾಡಿ ನೋಡಿ. ಹತ್ತು ನಿಮಿಷದ ಕೆಲಸ.

ನೈಟ್ ಶಿಫ್ಟ್‌ನಲ್ಲಿ ಇರುವ ಎಲ್1 ಸ್ನೇಹಿತರಿಗೆ ಒಂದು ಮಾತು. "ಬ್ಯಾಕಪ್ ಫೇಲ್, ದಯವಿಟ್ಟು ನೋಡಿ" ಅಂತ ಟಿಕೆಟ್ ಬರೆಯಬೇಡಿ. ಸಮಯ, ಕೋಡ್, ಅಕೌಂಟ್, ಇವೆಂಟ್ ನಂಬರ್, ಉಳಿದ ಡಿಸ್ಕ್ ಜಾಗ ಎಷ್ಟು, ಅದು ಎಷ್ಟು ದಿನಕ್ಕೆ ಸಾಕು, ಇಷ್ಟು ಬರೆಯಿರಿ. "38 ಜಿಬಿ ಉಳಿದಿದೆ, ಎರಡು ದಿನಕ್ಕೆ ಸಾಕು" ಅಂತ ಇದ್ದ ಟಿಕೆಟನ್ನು ಯಾವ ಮ್ಯಾನೇಜರೂ ಸುಲಭಕ್ಕೆ ಮುಚ್ಚಲ್ಲ.

ನಿಮ್ಮಲ್ಲಿ ಬೇರೆ ಥರದ ಎರರ್ ಬಂದಿದ್ದರೆ ಕಾಮೆಂಟಿನಲ್ಲಿ ಕೋಡ್ ಹಾಕಿ. ಕಂಪನಿ ಹೆಸರು, ಸರ್ವರ್ ಹೆಸರು, ಐಪಿ ಏನೂ ಹಾಕಬೇಡಿ, ಕೋಡ್ ಮತ್ತು ಆವೃತ್ತಿ ಸಾಕು. ಮುಂದಿನ ಸಲ ಗ್ರಾಫ್ ಅನುಮತಿಗಳಿಗೆ ವ್ಯಾಪ್ತಿ ಹಾಕೋದು ಹೇಗೆ ಅಂತ ನೋಡೋಣ.